ಮಾಡೆಲ್ ಮತ್ತೆ ಬರುತ್ತದೆ, ಈ ವರ್ಷದ ಕಾರ್ತಿಕ ಬರುವುದಿಲ್ಲ

ಕ್ಯಾಮೆರಾ ಕೊಳ್ಳಲು ಹೊರಟವರ ತಲೆ ತಿನ್ನುವ ಪ್ರಶ್ನೆ ಒಂದೇ: ಈಗಲೇ ತಗೊಳ್ಳೋದಾ, ಮುಂದಿನ ಮಾಡೆಲ್ ಬರುವ ತನಕ ತಡೆಯೋದಾ? ತೀರ್ಥಹಳ್ಳಿ ಸೀಮೆಯ ಮದುವೆ ಫೋಟೋದ ಹುಡುಗರು, ಹಕ್ಕಿಗಳ ಹಿಂದೆ ಬಿದ್ದ ಮೇಷ್ಟ್ರು, ವಾರದ ಕೊನೆಗೆ ಬೆಂಗಳೂರಿನಿಂದ ಕವಲೇದುರ್ಗ ಹತ್ತಲು ಬರುವವರು, ಎಲ್ಲರೂ ನನ್ನನ್ನು ಇದನ್ನು ಕೇಳಿದ್ದಾರೆ. ನಾನು ಅಡಿಕೆ ತೋಟ ನೋಡಿಕೊಂಡು, ಬಿಡುವಾದಾಗಲೆಲ್ಲ ಅದೇ ಒಂದು ಕೋಟೆಯ ಫೋಟೋ ತೆಗೆಯುತ್ತ ಬಂದವನು. ಹೊಸ ಮಾಡೆಲ್ ಇನ್ನೇನು ಬರುತ್ತದೆ ಎನ್ನುವಾಗ ಒಮ್ಮೆ ಕೊಂಡೆ. ಇನ್ನೊಮ್ಮೆ ಎರಡು ವರ್ಷ ಸುಮ್ಮನಿದ್ದು ಕೊಂಡೆ. ಎರಡರಲ್ಲೂ ನನಗೆ ನಷ್ಟವಾಗಲಿಲ್ಲ. ಅದು ಹೇಗೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೋಟೆಗೊಂದು ಪಂಚಾಂಗ

ಕವಲೇದುರ್ಗ ಕೆಳದಿ ಅರಸರ ಕೋಟೆ. ವೆಂಕಟಪ್ಪ ನಾಯಕನ ಕಾಲದಲ್ಲಿ ಭದ್ರವಾಯಿತು; ಭುವನಗಿರಿ ದುರ್ಗ ಎಂದೂ ಕರೆಯುತ್ತಾರೆ. ಊರಿನ ಗದ್ದೆ ಬಯಲು ದಾಟಿ ಕಲ್ಲು ಹಾಸಿನ ದಾರಿ ಹಿಡಿದರೆ ಬೆಟ್ಟದ ಮೈಯನ್ನೇ ಬಳಸಿ ಬಂದ ಗೋಡೆಗಳು, ಒಂದಾದ ಮೇಲೊಂದು ಬಾಗಿಲು, ಬಾಗಿಲ ಬದಿಯಲ್ಲಿ ಕತ್ತಲು ತುಂಬಿದ ಕಾವಲು ಕೋಣೆಗಳು. ಒಳಗೆ ಕಾಶಿ ವಿಶ್ವನಾಥನ ಗುಡಿ, ಅರಮನೆಯ ತಳಪಾಯ, ಕಲ್ಲಿನ ಒಲೆ, ಕೊಳ. ತುದಿಯ ಶಿಖರೇಶ್ವರನ ಹತ್ತಿರ ನಿಂತರೆ ಕೆಳಗೆ ವಾರಾಹಿ ಹಿನ್ನೀರು.

ಇಲ್ಲಿ ಫೋಟೋ ತೆಗೆಯುವವನಿಗೆ ವರ್ಷ ಎಂದರೆ ಹನ್ನೆರಡು ತಿಂಗಳಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುತ್ತದೆ. ಅದರ ಪಾಲು ಈ ಬೆಟ್ಟಕ್ಕೂ ಉಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯುವುದೇ ಸಾಹಸ. ಜನವರಿ ಕಳೆಯಿತೋ ಹುಲ್ಲು ಒಣಗುತ್ತದೆ, ಕಲ್ಲಿನ ಮೇಲಿನ ಪಾಚಿ ಕಪ್ಪಾಗುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ದೂರದ ಗುಡ್ಡಗಳೆಲ್ಲ ಮಸುಕು. ನಡುವೆ ಉಳಿಯುವುದು ನವರಾತ್ರಿಯಿಂದ ಕಾರ್ತಿಕ ಮುಗಿಯುವ ತನಕದ ಕಾಲ. ಆಗ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಗೋಡೆ ಇನ್ನೂ ಹಸಿರು, ಹಿನ್ನೀರು ತುಂಬಿರುತ್ತದೆ, ಬೆಳಗ್ಗೆ ಮಂಜು ಬಾಗಿಲುಗಳ ಒಳಗೆ ನುಗ್ಗಿ ಬಿಸಿಲೇರುವ ಮುಂಚೆ ಕರಗುತ್ತದೆ. ಅದು ತಪ್ಪಿತೋ, ಮತ್ತೆ ಬರುವ ವರ್ಷವೇ.

ಕ್ಯಾಮೆರಾ ಕಂಪನಿಗಳ ಪಂಚಾಂಗ ಬೇರೆ. ಜರ್ಮನಿಯ ಕಲೋನ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಸೆಪ್ಟೆಂಬರ್‌ನಲ್ಲಿ ಫೋಟೋಕಿನಾ ಮೇಳ ನಡೆಯುತ್ತಿದ್ದ ಕಾಲದಲ್ಲಿ ಹೊಸ ಮಾಡೆಲ್‌ಗಳ ಸುಗ್ಗಿ ಆಗಲೇ. ಉಳಿದವು ಹೆಚ್ಚಾಗಿ ಜನವರಿ, ಫೆಬ್ರುವರಿಯಲ್ಲಿ. ಘೋಷಣೆಯಾದದ್ದು ಶಿವಮೊಗ್ಗದ ಅಂಗಡಿಯ ಗಾಜಿನ ಕಪಾಟಿಗೆ ಬರಲು ಇನ್ನೂ ಎರಡು ಮೂರು ತಿಂಗಳು. ಸೆಪ್ಟೆಂಬರ್‌ನ ಘೋಷಣೆಯನ್ನು ನಂಬಿ ಕೂತವನಿಗೆ ಆ ವರ್ಷದ ಕಾರ್ತಿಕ ಸಿಗುವುದಿಲ್ಲ. ನಾನು ಮೊದಲು ಕಲಿತ ಪಾಠ ಇದು. ಕಾಯುವುದಕ್ಕೆ ಮುಂಚೆ ಎರಡು ಪಂಚಾಂಗವನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಕೆಟ್ಟ ಫೋಟೋಗಳ ಪಟ್ಟಿ

ನನ್ನ ಹತ್ತಿರ ಇದ್ದದ್ದು ನಿಕಾನ್ ಡಿ90. 2008ರಲ್ಲಿ ಬಂದ ಮಾಡೆಲ್, ಒಳ್ಳೆಯ ಕ್ಯಾಮೆರಾ. ಹೊಸದು ಬೇಕು ಎಂದು ಮನಸ್ಸು ಹೇಳತೊಡಗಿದಾಗ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡತೊಡಗಿದೆ: ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದಾಗ ಯಾವ ಫೋಟೋ ಕೆಟ್ಟಿದೆ, ಯಾಕೆ ಕೆಟ್ಟಿದೆ. ಕಾರಣಕ್ಕೆ ನಾಲ್ಕು ಕಾಲಂ: ಕ್ಯಾಮೆರಾ, ಲೆನ್ಸ್, ಸ್ಟ್ಯಾಂಡ್, ನಾನು.

ಮಂಜಿನ ಚಿತ್ರಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಅದು ಕ್ಯಾಮೆರಾದ ದೋಷವಲ್ಲ. ಯಾವ ಕ್ಯಾಮೆರಾದ ಬೆಳಕಿನ ಮೀಟರ್ ಆದರೂ ಬಿಳಿಯನ್ನು ಕಂಡರೆ ಬೂದು ಮಾಡಲು ನೋಡುತ್ತದೆ. ಎಕ್ಸ್‌ಪೋಷರ್ ಅನ್ನು ಮುಕ್ಕಾಲಿನಿಂದ ಒಂದು ಸ್ಟಾಪ್ ಏರಿಸಿದರೆ ಮಂಜು ಮಂಜಿನ ಹಾಗೆ ಬರುತ್ತದೆ. ಮಂಜಿನಲ್ಲಿ ಫೋಕಸ್ ಹಿಂದೆ ಮುಂದೆ ಅಲೆದಾಡಿದ್ದೂ ಹಾಗೆಯೇ: ಬರಿ ಬಿಳಿಯಲ್ಲಿ ಹಿಡಿದುಕೊಳ್ಳಲು ಯಾವ ಫೋಕಸಿಗೂ ಗೆರೆ ಸಿಗುವುದಿಲ್ಲ. ಬಾಗಿಲ ಕಂಬದ ಕಪ್ಪು ಅಂಚಿಗೆ ಗುರಿ ಹಿಡಿದರೆ ಹಳೆಯ ಕ್ಯಾಮೆರಾವೂ ಕಚ್ಚಿಕೊಳ್ಳುತ್ತದೆ. ಲೆನ್ಸಿನ ಮೇಲೆ ಆವಿ ಕೂತು ಹಾಳಾದವುಗಳಿಗೆ ಕಾರಣ ಎ.ಸಿ. ಹಾಕಿದ ಕಾರು. ಕಾರಿನಿಂದ ಇಳಿದವನು ಚೀಲವನ್ನು ಮುಚ್ಚಿದ ಹಾಗೇ ಅರ್ಧ ಗಂಟೆ ಬಿಟ್ಟರೆ ಮುಗಿಯಿತು. ಬೆಟ್ಟ ಹತ್ತಲು ಹೇಗೂ ಅಷ್ಟು ಹೊತ್ತು ಬೇಕು.

ಹೀಗೆ ಒಂದೊಂದನ್ನೇ ಕಾಲಂಗೆ ಹಾಕುತ್ತ ಹೋದರೆ ‘ಕ್ಯಾಮೆರಾ’ ಎಂಬ ಕಾಲಂನಲ್ಲಿ ಕೊನೆಗೆ ಉಳಿದದ್ದು ಎರಡೇ. ಒಂದು, ಕಾವಲು ಕೋಣೆಯ ಕತ್ತಲಲ್ಲಿ, ಮರದ ಕೆಳಗಿನ ಮಂಗಟ್ಟೆ ಹಕ್ಕಿಯ ಚಿತ್ರದಲ್ಲಿ ಐಎಸ್‌ಒ ಏರಿಸಿದೊಡನೆ ರವೆ ಚೆಲ್ಲಿದ ಹಾಗೆ ಚುಕ್ಕಿ ಏಳುತ್ತಿತ್ತು. ಎರಡು, ಡಿ90ಗೆ ನೀರು ತಡೆಯುವ ಸೀಲ್ ಇರಲಿಲ್ಲ. ಹೋಟೆಲಿನ ಶವರ್ ಕ್ಯಾಪ್ ಹೊದಿಸಿ ಎಷ್ಟು ಕಾಲ ಕಾಪಾಡುವುದು? ನನಗೆ ಬೇಕಾದದ್ದು ಈ ಎರಡು ಮಾತ್ರ ಎಂದು ಗೊತ್ತಾದ ಮೇಲೆ ಅಂಗಡಿಗೆ ಹೋದೆ.

ಆಗಲೇ ಕೊಂಡದ್ದು

2012ರ ನವರಾತ್ರಿ. ಡಿ7000 ಬಂದು ಎರಡು ವರ್ಷ ಆಗಿತ್ತು. ಅದರಲ್ಲಿ ಮಾಮೂಲಿ ಐಎಸ್‌ಒ 6400ರ ತನಕ ಹೋಗಬಹುದಿತ್ತು, ಡಿ90ರಲ್ಲಿ 3200ಕ್ಕೇ ನಿಲ್ಲುತ್ತಿತ್ತು. ಮೈಯ ಒಂದಷ್ಟು ಭಾಗ ಮೆಗ್ನೀಸಿಯಂ, ಸೀಲ್ ಇತ್ತು, ಎರಡು ಕಾರ್ಡ್ ಹಾಕಬಹುದಿತ್ತು. ನನ್ನ ಎರಡು ಕೊರತೆಗೂ ಉತ್ತರ. ಅಂಗಡಿಯವರು ಪೆಟ್ಟಿಗೆ ಕೈಗೆ ಕೊಡುವ ಮುಂಚೆಯೇ ಹೇಳಿದರು:

“ಸಾರ್, ಇದರ ಮುಂದಿನದು ಬರೋ ಸುದ್ದಿ ಇದೆ. ಒಂದ್ನಾಲ್ಕು ತಿಂಗಳು ತಡೀಬಹುದು ನೀವು.”

“ಈ ನಾಲ್ಕು ತಿಂಗಳು ಕೋಟೆಯಲ್ಲಿ ಏನಿರುತ್ತೆ ಗೊತ್ತಲ್ಲ ನಿಮಗೆ?”

ಅವರು ನಕ್ಕು ಬಿಲ್ ಬರೆದರು. ಸುದ್ದಿ ನಿಜವೇ ಆಗಿತ್ತು. 2013ರ ಫೆಬ್ರುವರಿಯಲ್ಲಿ ಡಿ7100 ಘೋಷಣೆಯಾಯಿತು: 16ರ ಬದಲು 24 ಮೆಗಾಪಿಕ್ಸೆಲ್, 39ರ ಬದಲು 51 ಫೋಕಸ್ ಬಿಂದು. ನನ್ನ ಕ್ಯಾಮೆರಾದ ಬೆಲೆ ಇಳಿಯಿತು. ಗೆಳೆಯರು ಫೋನ್ ಮಾಡಿ, “ಎಂತ ಮಾರಾಯ, ಸ್ವಲ್ಪ ತಡೀಬಾರದಿತ್ತಾ?” ಎಂದು ಕನಿಕರ ತೋರಿಸಿದರು. ಆದರೆ ಆ ಹೊತ್ತಿಗೆ ಆ ಕಾರ್ತಿಕದ ಚಿತ್ರಗಳು ನನ್ನ ಹಾರ್ಡ್‌ಡಿಸ್ಕಿನಲ್ಲಿದ್ದವು. ವಿಶ್ವನಾಥನ ಗುಡಿಯ ಮುಂದಿನ ಎರಡು ಎತ್ತರದ ಕಂಬಗಳ ನಡುವೆ, ತುಂತುರು ನಿಲ್ಲುವ ಮುಂಚೆಯೇ ಬಿಸಿಲು ಬಿದ್ದ ಒಂದು ಚಿತ್ರ ಇದೆ. ಹನಿಗಳು ಒಂದೊಂದೂ ಎಣಿಸುವ ಹಾಗೆ ಕಾಣುತ್ತವೆ. ಸೀಲ್ ಇಲ್ಲದ ಕ್ಯಾಮೆರಾ ಆ ಹೊತ್ತಿಗೆ ಚೀಲದೊಳಗೆ ಇರುತ್ತಿತ್ತು. 24 ಮೆಗಾಪಿಕ್ಸೆಲ್ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಹಾಗಾಗಿ ಅದು ಬಂದದ್ದರಿಂದ ನನಗೆ ಹೊಟ್ಟೆ ಉರಿಯಲೂ ಇಲ್ಲ.

ಲೆಕ್ಕ ಬೇಕೆನ್ನುವವರು ಹೀಗೆ ಹಾಕಿ. 60,000 ರೂಪಾಯಿಯ ಕ್ಯಾಮೆರಾ ವರ್ಷದಲ್ಲಿ 12,000 ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ತಿಂಗಳಿಗೆ 1,000. ಮೂರು ತಿಂಗಳ ಸುಗ್ಗಿಗೆ ಕೊಟ್ಟ ಬಾಡಿಗೆ 3,000. ಆ ಮೂರು ತಿಂಗಳು ನೀವು ಬೆಟ್ಟ ಹತ್ತುವವರಾದರೆ ಅದು ಅಗ್ಗ. ಕ್ಯಾಮೆರಾ ಬೀರುವಿನಲ್ಲೇ ಇರುವುದಾದರೆ ನೂರು ರೂಪಾಯಿಯೂ ದುಬಾರಿ.

ಕಾದವರ ಕಥೆ

ಶಿವಮೊಗ್ಗದಲ್ಲಿ ಹಕ್ಕಿ ಫೋಟೋ ತೆಗೆಯುವ ಗೆಳೆಯನೊಬ್ಬನಿದ್ದಾನೆ. ಅವನು ಕಾಯುತ್ತಿದ್ದದ್ದು ನಿಕಾನ್ ಡಿ300ಎಸ್ ನಂತರ ಬರಬೇಕಾದ ಕ್ಯಾಮೆರಾಕ್ಕೆ. ಡಿ300ಎಸ್ ಬಂದದ್ದು 2009ರ ಜುಲೈನಲ್ಲಿ. ಮುಂದಿನದರ ಹೆಸರು ಡಿ400 ಎಂದು ಎಲ್ಲರೂ ಆಗಲೇ ನಾಮಕರಣ ಮಾಡಿಬಿಟ್ಟಿದ್ದರು. 2011ರ ಮಾರ್ಚ್‌ನಲ್ಲಿ ಜಪಾನಿನ ಭೂಕಂಪಕ್ಕೆ ಸೆಂಡೈನ ನಿಕಾನ್ ಕಾರ್ಖಾನೆ ಸಿಕ್ಕಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಥಾಯ್ಲೆಂಡಿನ ಅಯುತ್ತಯದ ನೆರೆಯಲ್ಲಿ ನಿಕಾನ್ ಕಾರ್ಖಾನೆ ಮುಳುಗಿತು. ಕೆಲಸ ಮತ್ತೆ ಶುರುವಾದದ್ದು ಮರುವರ್ಷದ ಜನವರಿಯಲ್ಲಿ. ಪ್ರತಿ ಸಲ ‘ಇನ್ನು ಆರು ತಿಂಗಳು’ ಎಂಬ ಸುದ್ದಿ. ಕಡೆಗೆ 2016ರ ಜನವರಿಯಲ್ಲಿ ಅದು ಬಂತು, ಡಿ500 ಎಂಬ ಹೆಸರಿನಲ್ಲಿ. ಅದ್ಭುತ ಕ್ಯಾಮೆರಾ, 153 ಫೋಕಸ್ ಬಿಂದು, ಹಕ್ಕಿಯವರಿಗೆ ಹೇಳಿ ಮಾಡಿಸಿದ್ದು. ಆದರೆ ಡಿ300ಎಸ್‌ನಿಂದ ಅಲ್ಲಿಗೆ ಆರೂವರೆ ವರ್ಷ ಕಳೆದಿತ್ತು. ಡಿ400 ಎಂಬುದು ಹುಟ್ಟಲೇ ಇಲ್ಲ.

ಕ್ಯಾನನ್ ಬಳಗದ ಕಥೆಯೂ ಬೇರೆಯಲ್ಲ. 7ಡಿ ಬಂದದ್ದು 2009ರಲ್ಲಿ, ಅದರ ಎರಡನೆಯದು 2014ರಲ್ಲಿ. ಮೂರನೆಯದಕ್ಕೆ ಕಾದವರಿಗೆ ಅದು ಬರಲಿಲ್ಲ. 2022ರಲ್ಲಿ ಬಂದ ಆರ್7 ಕನ್ನಡಿಯೇ ಇಲ್ಲದ ಬೇರೆ ಜಾತಿಯ ಕ್ಯಾಮೆರಾ, ಲೆನ್ಸ್ ಕೂರಿಸುವ ಬಾಯಿಯೂ ಬೇರೆ. ಘೋಷಣೆಯಾದದ್ದೂ ಕೈಗೆ ಬರುತ್ತದೆಂಬ ಗ್ಯಾರಂಟಿ ಇಲ್ಲ. ನಿಕಾನ್ 2016ರ ಫೆಬ್ರುವರಿಯಲ್ಲಿ ಡಿಎಲ್ ಎಂಬ ಮೂರು ಸಣ್ಣ ಕ್ಯಾಮೆರಾಗಳನ್ನು ಘೋಷಿಸಿ, ಒಂದು ವರ್ಷ ಕಾಯಿಸಿ, 2017ರ ಫೆಬ್ರುವರಿಯಲ್ಲಿ ಕೈಬಿಟ್ಟಿತು.

ಬಂದ ದಿನವೇ ಕೊಳ್ಳುವುದರಲ್ಲೂ ಒಂದು ತೊಡಕಿದೆ. 2012ರ ಸೆಪ್ಟೆಂಬರ್‌ನ ಡಿ600ರಲ್ಲಿ ಸೆನ್ಸರ್ ಮೇಲೆ ಧೂಳಿನ, ಎಣ್ಣೆಯ ಚುಕ್ಕಿ ಬೀಳುತ್ತದೆಂಬ ದೂರು ಎದ್ದಿತು. ಮರುವರ್ಷ ಫೆಬ್ರುವರಿಯಲ್ಲಿ ಕಂಪನಿಯೇ ಅದಕ್ಕೆ ಸೂಚನೆ ಹೊರಡಿಸಿತು, ಅಕ್ಟೋಬರ್‌ನಲ್ಲಿ ಡಿ610 ತಂದಿತು. ನಮ್ಮಂಥ ಊರಿನವರಿಗೆ ಇದು ಸಣ್ಣ ವಿಷಯವಲ್ಲ. ರಿಪೇರಿಗೆ ಕ್ಯಾಮೆರಾ ಬೆಂಗಳೂರಿಗೆ ಹೋಗಬೇಕು, ಮುನ್ನೂರು ಕಿಲೋಮೀಟರ್‌ಗೂ ಹೆಚ್ಚು. ಹೋಗಿ ಬರುವಷ್ಟರಲ್ಲಿ ಮಂಜಿನ ಕಾಲ ಮುಗಿದಿರುತ್ತದೆ.

ಅಡಿಕೆ ಮಂಡಿಯ ಬುದ್ಧಿ

ಮಲೆನಾಡಿನವರಿಗೆ ಕಾಯುವ ವಿದ್ಯೆ ಹೊಸದಲ್ಲ. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆಯನ್ನು ಈಗ ಮಾರುವುದೋ, ದರ ಏರುವ ತನಕ ಮನೆಯಲ್ಲಿಡುವುದೋ ಎಂಬ ಮಾತು ಪ್ರತಿ ಜಗುಲಿಯಲ್ಲೂ ನಡೆಯುತ್ತದೆ. ನಮ್ಮ ಅಪ್ಪಯ್ಯನ ಲೆಕ್ಕ ಸರಳ: “ಮನೇಲಿ ಸಾಲ ಇದ್ರೆ ಇವತ್ತೇ ಮಾರು. ಸಾಲ ಇಲ್ಲದಿದ್ರೆ ಕಾಯಿ. ಪೇಪರ್ ನೋಡಿ ಮಾರ್ಬೇಡ, ನಿನ್ನ ಮನೆ ನೋಡಿ ಮಾರು.”

ಕ್ಯಾಮೆರಾಕ್ಕೂ ನಾನು ಈ ಸೂತ್ರವನ್ನೇ ಹಿಡಿದೆ, ಒಂದು ತಿದ್ದುಪಡಿಯೊಡನೆ. ಕಾಪಿಟ್ಟ ಅಡಿಕೆಗೆ ದರ ಏರಬಹುದು. ಅಂಗಡಿಯಲ್ಲಿ ಕೂತ ಕ್ಯಾಮೆರಾಕ್ಕೆ ಇಳಿಯುವುದೊಂದೇ ದಾರಿ. ಹಾಗಾಗಿ ಅಗತ್ಯ ಇಲ್ಲದವನಿಗೆ ಕಾಯುವುದು ಯಾವತ್ತೂ ಲಾಭವೇ. ಅಗತ್ಯ ಇರುವವನಿಗೆ ಯಾವತ್ತೂ ನಷ್ಟವೇ. ಹೊಸ ಮಾಡೆಲ್ ಯಾವಾಗ ಬರುತ್ತದೆ ಎಂಬುದು ಎರಡನೆಯ ಪ್ರಶ್ನೆ. ನಿನ್ನ ಪಟ್ಟಿಯಲ್ಲಿ ಏನಿದೆ ಎಂಬುದು ಮೊದಲನೆಯದು.

ಕಾದದ್ದು, ಕಾದು ಹಳೆಯದನ್ನೇ ಕೊಂಡದ್ದು

2018ರ ಆಗಸ್ಟ್‌ನಲ್ಲಿ ನಿಕಾನ್ ಕನ್ನಡಿ ಇಲ್ಲದ ಜೆಡ್6, ಜೆಡ್7 ತಂದಾಗ ನನಗೂ ಆಸೆ ಹುಟ್ಟಿತು. ಪಟ್ಟಿ ತೆಗೆದು ನೋಡಿದೆ. ಡಿ7000 ಮಾಡಲಾಗದ್ದು ಒಂದೇ ಇತ್ತು: ಸ್ಟ್ಯಾಂಡ್ ಇಲ್ಲದೆ, ಕಾವಲು ಕೋಣೆಯ ಕತ್ತಲಲ್ಲಿ, ಕೈಯಲ್ಲೇ ಹಿಡಿದು ನಿಧಾನದ ಶಟರ್‌ನಲ್ಲಿ ತೆಗೆಯುವುದು. ಜೆಡ್6ರಲ್ಲಿ ಸೆನ್ಸರ್ ಅನ್ನೇ ಅಲುಗದಂತೆ ಹಿಡಿಯುವ ವ್ಯವಸ್ಥೆ ಇತ್ತು. ಬೇಕಾದದ್ದು ಹೌದು, ಆದರೆ ಸ್ಟ್ಯಾಂಡ್ ಒಯ್ದರೆ ನಡೆಯುತ್ತಿತ್ತು. ಸಾಲವಿಲ್ಲದ ಮನೆ. ಕಾದೆ.

ಕಾಯುವುದರಲ್ಲೂ ಎರಡು ಬಗೆ ಇದೆ ಎಂದು ಆಗ ತಿಳಿಯಿತು. ತಾರೀಖು ಗೊತ್ತಿರುವ ಕಾಯುವಿಕೆ ಒಂದು. 2018ರ ಡಿಸೆಂಬರ್ 22ರಂದು ಜಿಎಸ್‌ಟಿ ಮಂಡಳಿ ಡಿಜಿಟಲ್ ಕ್ಯಾಮೆರಾ ಮೇಲಿನ ತೆರಿಗೆಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಲು ನಿರ್ಧರಿಸಿತು. ಜಾರಿಯಾದದ್ದು 2019ರ ಜನವರಿ 1ಕ್ಕೆ. ಲಕ್ಷ ರೂಪಾಯಿ ಮೂಲ ಬೆಲೆಯ ಕ್ಯಾಮೆರಾದ ಮೇಲೆ 10,000 ರೂಪಾಯಿ ಇಳಿಕೆ, ಕಾಯಬೇಕಾದದ್ದು ವಾರ ಹತ್ತು ದಿನ. ಆ ಹತ್ತು ದಿನ ಕಾಯದವನು ದುಡ್ಡಿನ ಬೆಲೆ ತಿಳಿಯದವನು. ಇನ್ನೊಂದು, ಯಾರೋ ಯಾರಿಗೋ ಹೇಳಿದ್ದನ್ನು ನಂಬಿ ಕಾಯುವುದು. ಡಿ400ಕ್ಕೆ ಕಾದದ್ದು ಆ ಜಾತಿಯದು.

2020ರ ಅಕ್ಟೋಬರ್‌ನಲ್ಲಿ ಜೆಡ್6ರ ಎರಡನೆಯ ಮಾಡೆಲ್ ಬಂತು. ಸೆನ್ಸರ್ ಅದೇ 24.5 ಮೆಗಾಪಿಕ್ಸೆಲ್. ಹೆಚ್ಚಾದದ್ದು ಇನ್ನೊಂದು ಪ್ರೊಸೆಸರ್, ಇನ್ನೊಂದು ಕಾರ್ಡ್ ಹಾಕುವ ಜಾಗ. ಮದುವೆ ಫೋಟೋದವರಿಗೆ ಎರಡನೆಯ ಕಾರ್ಡ್ ಜೀವ ಉಳಿಸುವ ವಸ್ತು. ತಾಳಿ ಕಟ್ಟುವ ಹೊತ್ತಿನಲ್ಲಿ ಇದ್ದ ಒಂದು ಕಾರ್ಡ್ ಕೈಕೊಟ್ಟರೆ ಮತ್ತೆ ತಾಳಿ ಕಟ್ಟಿಸಲು ಬರುವುದಿಲ್ಲ. ಕೋಟೆ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಬೆಲೆ ಇಳಿದ ಮೊದಲ ಜೆಡ್6 ಅನ್ನೇ ಹೊಸದಾಗಿ ಕೊಂಡೆ. ಅಷ್ಟರಲ್ಲಿ ಅದರ ಸಾಫ್ಟ್‌ವೇರ್ ಕೂಡ ಬೆಳೆದಿತ್ತು: 2019ರ ಮೇನಲ್ಲಿ ಮನುಷ್ಯರ ಕಣ್ಣಿಗೆ, 2020ರ ಫೆಬ್ರುವರಿಯಲ್ಲಿ ನಾಯಿ ಬೆಕ್ಕುಗಳ ಕಣ್ಣಿಗೆ ಫೋಕಸ್ ಹಿಡಿಯುವುದನ್ನು ಕಂಪನಿ ಬಿಟ್ಟಿಯಾಗಿ ಸೇರಿಸಿತ್ತು. ಈಗಲೋ ಆಮೇಲೋ ಎಂದು ಕೇಳುವವರು ಈ ಮೂರನೆಯ ದಾರಿಯನ್ನು ಮರೆಯುತ್ತಾರೆ. ಹೊಸದು ಬಂದ ತಿಂಗಳು ಹಳೆಯದನ್ನು ಕೊಳ್ಳಲು ಒಳ್ಳೆಯ ತಿಂಗಳು.

ಆಗ ಲೆನ್ಸ್‌ಗಳ ಲೆಕ್ಕವೂ ಬಂತು. ಅಡಾಪ್ಟರ್ ಹಾಕಿದರೆ ಹಳೆಯ ಲೆನ್ಸ್ ಕೂರುತ್ತದೆ ನಿಜ. ಆದರೆ ಅಡಾಪ್ಟರಿನಲ್ಲಿ ಮೋಟಾರ್ ಇಲ್ಲ. ನನ್ನ 50 ಮಿ.ಮೀ. ಡಿ ಲೆನ್ಸ್‌ಗೆ ಸ್ವಂತ ಮೋಟಾರ್ ಇಲ್ಲದ್ದರಿಂದ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಒಳಗೇ ಮೋಟಾರ್ ಇರುವ ಎಎಫ್-ಎಸ್ ಲೆನ್ಸ್‌ಗಳು ಚೆನ್ನಾಗಿ ನಡೆಯುತ್ತವೆ. ಕಟ್ಟಡದ ಫೋಟೋಕ್ಕೆ ನನಗೆ ತೊಂದರೆಯಾಗಲಿಲ್ಲ, ಹಕ್ಕಿಯವರಿಗೆ ಆಗುತ್ತದೆ. ಹೊಸ ಕ್ಯಾಮೆರಾದ ಬೆಲೆ ಎಂದರೆ ಅದರ ಜೊತೆಗೆ ಬದಲಾಯಿಸಬೇಕಾದ ಲೆನ್ಸ್, ಕಾರ್ಡ್, ಬ್ಯಾಟರಿಗಳ ಬೆಲೆಯೂ ಸೇರಿದ್ದು.

ಬೂಷ್ಟಿನ ವಿರುದ್ಧ ಮೊದಲ ಖರ್ಚು

ಮಲೆನಾಡಿನಲ್ಲಿ ಕ್ಯಾಮೆರಾಕ್ಕೆ ವಯಸ್ಸಾಗುವುದು ಮುಂದಿನ ಮಾಡೆಲ್ ಬಂದದ್ದರಿಂದಲ್ಲ, ಬೂಷ್ಟಿನಿಂದ. ಗಾಳಿಯ ತೇವ ಶೇ 60 ದಾಟಿದರೆ ಫಂಗಸ್‌ಗೆ ಹಬ್ಬ. ನಮ್ಮಲ್ಲಿ ಆಷಾಢದಲ್ಲಿ 90 ದಾಟುತ್ತದೆ. ಟಾರ್ಚ್ ಬೆಳಕನ್ನು ಲೆನ್ಸಿನ ಹಿಂದಿನಿಂದ ಬಿಟ್ಟು ನೋಡಿದರೆ ಗಾಜಿನ ಒಳಗೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಒಮ್ಮೆ ಹಿಡಿದರೆ ಲೆನ್ಸ್ ಬಿಚ್ಚಿಯೇ ತೊಳೆಯಬೇಕು, ಮೇಲಿನ ಲೇಪವನ್ನು ತಿಂದಿದ್ದರೆ ಅದು ವಾಪಸು ಬರುವುದಿಲ್ಲ.

ಅದಕ್ಕೆ ಹೊಸ ಕ್ಯಾಮೆರಾಕ್ಕಿಂತ ಮುಂಚೆ ನಾನು ಖರ್ಚು ಮಾಡಿದ್ದು ಗಾಳಿಯಾಡದ ಡಬ್ಬಿ, ತೇವ ತೋರಿಸುವ ಸಣ್ಣ ಮೀಟರ್ ಮತ್ತು ಸಿಲಿಕಾ ಜೆಲ್‌ಗೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಕುಡಿದು ತುಂಬಿದೆ ಎಂದು ಅರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಮೀಟರಿನ ಮುಳ್ಳು 40ರಿಂದ 50ರ ನಡುವೆ ನಿಂತರೆ ಸಾಕು. ಕೈಯಲ್ಲಿ ದುಡ್ಡು ಇದ್ದವರು ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಇಟ್ಟುಕೊಳ್ಳಲಿ. ಮಳೆಗಾಲ ದಾಟಿಸಲು ಬಾರದವರು ಯಾವ ಮಾಡೆಲ್ ಕೊಂಡರೂ ಒಂದೇ.

ಈಗ ಕೊಳ್ಳುವವರಿಗೆ

ಇವತ್ತಿನ ಸ್ಥಿತಿಯಲ್ಲಿ ಒಂದು ಮಾತು ಖಚಿತ. ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನ ಮುಂದಿನ ಮಾಡೆಲ್‌ಗೆ ಕಾಯುವುದರಲ್ಲಿ ಅರ್ಥವಿಲ್ಲ. ನಿಕಾನ್‌ನ ಡಿ780, ಡಿ6 ಎರಡೂ 2020ರ ಆರಂಭದವು. ಆಮೇಲೆ ಕಂಪನಿಯ ಗಮನವೆಲ್ಲ ಕನ್ನಡಿ ಇಲ್ಲದವುಗಳ ಕಡೆ. ಇದರಿಂದ ಬಡ ಹವ್ಯಾಸಿಗೆ ಲಾಭವೇ ಆಗಿದೆ: ಒಳ್ಳೆಯ ಡಿಎಸ್‌ಎಲ್‌ಆರ್, ಒಳ್ಳೆಯ ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ. ಕೊಳ್ಳುವಾಗ ಟಾರ್ಚ್ ಒಯ್ಯಿರಿ, ಲೆನ್ಸಿನ ಒಳಗೆ ಎಳೆ ಇದೆಯೇ ನೋಡಿ, ಶಟರ್ ಎಷ್ಟು ಸಲ ಬಿದ್ದಿದೆ ಕೇಳಿ. ಕನ್ನಡಿ ಇಲ್ಲದ್ದೇ ಬೇಕೆಂದರೆ ಮಾಡೆಲ್‌ಗಳ ನಡುವಿನ ಅಂತರ ನೋಡಿಕೊಳ್ಳಿ. ಜೆಡ್6ರ ಮೂರನೆಯದು ಬಂದದ್ದು 2024ರ ಜೂನ್‌ನಲ್ಲಿ, ಎರಡನೆಯದರಿಂದ ಮೂರೂವರೆ ವರ್ಷಕ್ಕೆ ಹೆಚ್ಚು. 2019ರ ಜೆಡ್50ರ ಮುಂದಿನದು ಬರಲು ಐದು ವರ್ಷ ಹಿಡಿಯಿತು. ಈಚೆಗೆ ಬಂದ ಮಾಡೆಲ್ ಆದರೆ ಮುಂದಿನದರ ಚಿಂತೆ ಬಿಡಿ. ಮೂರು ವರ್ಷ ದಾಟಿದ್ದರೆ, ನಿಮ್ಮ ಸುಗ್ಗಿ ಮುಗಿದಿದ್ದರೆ, ಮಳೆಗಾಲ ಕಳೆಯುವ ತನಕ ತಡೆಯಿರಿ. ಹೊಸದು ಬಂದರೆ ಹಳೆಯದು ಇಳಿದ ಬೆಲೆಗೆ ಸಿಗುತ್ತದೆ, ಬರದಿದ್ದರೂ ದಸರಾ ದೀಪಾವಳಿಯ ರಿಯಾಯಿತಿ ಇರುತ್ತದೆ.

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಕೆಟ್ಟ ಫೋಟೋಗಳ ಪಟ್ಟಿ ಮಾಡಿ, ನಾಲ್ಕು ಕಾಲಂ ಹಾಕಿ. ‘ಕ್ಯಾಮೆರಾ’ ಕಾಲಂ ಖಾಲಿ ಇದ್ದರೆ ಆ ದುಡ್ಡನ್ನು ಲೆನ್ಸಿಗೋ ಸ್ಟ್ಯಾಂಡಿಗೋ ಬಸ್ ಚಾರ್ಜಿಗೋ ಹಾಕಿ. ಅದು ತುಂಬಿದ್ದು, ಅಂಗಡಿಯಲ್ಲಿ ಇವತ್ತು ಇರುವ ಕ್ಯಾಮೆರಾ ಅದಕ್ಕೆ ಉತ್ತರವಾಗಿದ್ದರೆ, ಮುಂದಿನ ಮಾಡೆಲ್‌ನ ಸುದ್ದಿ ಕೇಳಬೇಡಿ. ನವರಾತ್ರಿಗೆ ಮುಂಚೆ ಕೊಂಡು ಬೆಟ್ಟ ಹತ್ತಿ.